ಅವರೆಕಾಯಿಯಂತೆ ಸುಲಿದ ಹೆಲಿಕಾಪ್ಟರ್

ನಮ್ಮ ಮನೆ ಎರಡಾದದ್ದು ನನ್ನ ಬಾಯಿಂದ. ನೆಂಟರು ಇದಕ್ಕೆ ಬೇರೆ ಬೇರೆ ಕಾರಣ ಕೊಡುತ್ತಾರೆ. ಅಮ್ಮನ ಕಡೆಯವರು ಚಿಕ್ಕಪ್ಪನ ಹಟ ಎನ್ನುತ್ತಾರೆ, ಚಿಕ್ಕಪ್ಪನ ಸ್ನೇಹಿತರು ಅಪ್ಪನ ಮೇಷ್ಟ್ರುಗಿರಿ ಎನ್ನುತ್ತಾರೆ, ಎದುರುಮನೆಯವರು ಗ್ರಹಗತಿ ಎಂದು ತೀರ್ಮಾನಿಸಿ ಕಾಫಿ ಕುಡಿದು ಎದ್ದು ಹೋಗಿದ್ದಾರೆ. ನನ್ನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಹನ್ನೆರಡು ವರ್ಷದ ಹುಡುಗನಿಗೆ ಅಷ್ಟು ದೊಡ್ಡ ಕೆಲಸ ಮಾಡುವ ಯೋಗ್ಯತೆ ಇತ್ತೆಂದು ಯಾರಿಗೂ ಅನಿಸಿಲ್ಲ. ಅದೊಂದು ಅವಮಾನ ಬೇರೆ. ಆದ್ದರಿಂದ ನಾನೇ ಹೇಳಿಕೊಳ್ಳಬೇಕಾಗಿದೆ. ಇಬ್ಬರು ದೊಡ್ಡವರ ದನಿ ಕದ್ದು, ಅವರು ಆಡದ ಮಾತುಗಳನ್ನು ಅವರ ಬಾಯಿಗೆ ತುರುಕಿ, ಒಂದು ಪ್ಲಾಸ್ಟಿಕ್ ಹೆಲಿಕಾಪ್ಟರಿನ ಎರಡು ಹೋಳು ಅಂಟಿಕೊಂಡ ಹಾಗೆ ಇವರೂ ಅಂಟಿಕೊಳ್ಳುತ್ತಾರೆ ಎಂದು ನಂಬಿದ ಪೆದ್ದ ನಾನು. ಹೆಲಿಕಾಪ್ಟರ್ ಮಾತ್ರ ಚೆನ್ನಾಗಿಯೇ ಅಂಟಿತು.

ಚಾಮರಾಜಪೇಟೆಯ ಆ ಮನೆ ರೈಲು ಬೋಗಿಯ ಹಾಗೆ ಉದ್ದಕ್ಕಿತ್ತು. ಬೀದಿಗೆ ಜಗಲಿ, ಆಮೇಲೆ ಅಪ್ಪನ ಕೋಣೆ, ನಡುಮನೆ, ಚಿಕ್ಕಪ್ಪನ ಕೋಣೆ, ಅಡುಗೆಮನೆ, ಕೊನೆಗೆ ಹಿತ್ತಲು. ಯಾರು ಎಲ್ಲಿಗೆ ಹೋಗಬೇಕಾದರೂ ಇನ್ನೊಬ್ಬರ ಎದುರೇ ಹಾದು ಹೋಗಬೇಕು. ಮುನಿಸಿಕೊಂಡವರಿಗೆ ಅಂಥ ಮನೆ ಕಟ್ಟಿಸಿಕೊಟ್ಟ ತಾತನ ಹಾಸ್ಯಪ್ರಜ್ಞೆ ದೊಡ್ಡದು. ಅಪ್ಪ ಬಸವನಗುಡಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಅವರ ತಮ್ಮ ನಾಗರಾಜ, ನನ್ನ ಚಿಕ್ಕಪ್ಪ, ಸರ್ಕಾರಿ ಕಚೇರಿಯಲ್ಲಿ ಸೇತುವೆಗಳ ನಕ್ಷೆ ಬರೆಯುತ್ತಿದ್ದರು, ಮದುವೆಯಾಗಿರಲಿಲ್ಲ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಪೇಪರನ್ನು ಹಾಳೆ ಹಾಳೆ ಹಂಚಿಕೊಂಡು ಓದಿ, ಒಬ್ಬರಿಗೊಬ್ಬರು ಒಂದು ಮಾತೂ ಆಡದೆ ವರ್ಷಗಳನ್ನು ಕಳೆದಿದ್ದರು.

ಕಾರಣ ತಾತನ ಸಾವು. ತಾತನ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದಾಗ ಚಿಕ್ಕಪ್ಪ ಆಪರೇಷನ್ ಮಾಡಿಸಿಬಿಡೋಣ ಎಂದರು. ಅಪ್ಪ ಇನ್ನೊಬ್ಬ ಡಾಕ್ಟರನ್ನು ಕೇಳಿ ಬಂದು, ಈ ವಯಸ್ಸಿಗೆ ಬೇಡ, ಸ್ವಲ್ಪ ಕಾದು ನೋಡೋಣ ಎಂದರು. ಕಾಯುತ್ತಿರುವಾಗಲೇ ತಾತ ಹೋದರು. ಹದಿಮೂರನೆಯ ದಿನ, ವೈಕುಂಠ ಸಮಾರಾಧನೆಗೆ ನೆಂಟರೆಲ್ಲ ಎಲೆ ಮುಂದೆ ಕೂತಿರುವಾಗ, ಚಿಕ್ಕಪ್ಪ ಎಲ್ಲರಿಗೂ ಕೇಳಿಸುವ ಹಾಗೆ "ಕಾದು ಕಾದು ಅಪ್ಪನ್ನ ಕೊಂದ್ಯಲ್ಲೋ" ಎಂದರು. ತುಪ್ಪ ಬಡಿಸುತ್ತಿದ್ದ ಅಪ್ಪ ಗಿಂಡಿಯನ್ನು ಕೆಳಗಿಟ್ಟು ಒಳಗೆ ಹೋದರು. ಅಲ್ಲಿಗೆ ಮಾತು ನಿಂತಿತು. ತಮ್ಮ ಆ ಮಾತನ್ನು ವಾಪಸು ತೆಗೆದುಕೊಳ್ಳಲಿ ಎಂದು ಅಪ್ಪ, ನಿನ್ನ ಮಾತು ಕೇಳಬೇಕಿತ್ತು ಎಂದು ಅಣ್ಣ ಒಂದು ಸಲ ಹೇಳಲಿ ಎಂದು ಚಿಕ್ಕಪ್ಪ, ಇಬ್ಬರೂ ಕಾಯತೊಡಗಿದರು. ಇದು ನನಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು, ಹಾಲಿನವನಿಗೂ ಗೊತ್ತಿತ್ತು.

ಮಾತು ನಿಂತರೂ ಸಂಸಾರ ನಿಲ್ಲುವುದಿಲ್ಲ. ನಲ್ಲಿ ನೀರು, ಗ್ಯಾಸ್ ಸಿಲಿಂಡರು, ಬೀಗದ ಕೈ, ಇವುಗಳ ವಿಚಾರವಾಗಿ ಯಾರಾದರೂ ಯಾರಿಗಾದರೂ ಹೇಳಲೇಬೇಕು. ಆ ಕೆಲಸಕ್ಕೆ ನಾನು ನೇಮಕವಾದೆ.

"ಲೋ ಶ್ರೀಧರ, ನಿಮ್ಮ ಚಿಕ್ಕಪ್ಪಂಗೆ ಹೇಳು. ಇನ್ನೇನು ನೀರು ನಿಲ್ಲುತ್ತೆ, ಸ್ನಾನ ಮಾಡೋದಾದ್ರೆ ಮಾಡ್ಲಿ."

ಚಿಕ್ಕಪ್ಪ ಎರಡು ಮಾರು ದೂರದಲ್ಲೇ ಕೂತು ಉಗುರು ಕತ್ತರಿಸಿಕೊಳ್ಳುತ್ತಿರುತ್ತಿದ್ದರು.

"ನಿಮ್ಮಪ್ಪಂಗೆ ಹೇಳು ಮರಿ, ನಿನ್ನೇನೇ ಎರಡು ಬಕೆಟ್ ಹಿಡಿದಿಟ್ಟಿದೀನಿ ಅಂತ."

ಬರೀ ಮಾತು ಹೊರುವುದು ಬೇಜಾರಾಗಿ ನಾನು ಅದಕ್ಕೆ ದನಿಯನ್ನೂ ಸೇರಿಸಿದೆ. ಅಪ್ಪನದು ಸುಲಭ. ಸೀಮೆಸುಣ್ಣದ ಪುಡಿ ತಿಂದ ಗಂಟಲು. ಪ್ರತಿ ವಾಕ್ಯಕ್ಕೂ ಮುಂಚೆ ಒಂದು ಸಣ್ಣ ಕೆಮ್ಮು, ಆಮೇಲೆ "ಅಂದರೆ ಏನಾಯ್ತು", ಆಮೇಲೆ ವಿಷಯ. ಚಿಕ್ಕಪ್ಪನದು ಕಷ್ಟ. ವಾಕ್ಯವನ್ನು ಜೋರಾಗಿ ಶುರುಮಾಡಿ ಕೊನೆಗೆ ಮೂಗಿನೊಳಗೆ ಎಳೆದುಕೊಂಡುಬಿಡುತ್ತಿದ್ದರು, ಯಾರೋ ಹಿಂದಿನಿಂದ ಅಂಗಿ ಹಿಡಿದೆಳೆದ ಹಾಗೆ. ಅಪ್ಪನ ದನಿಗೆ ಚಿಕ್ಕಪ್ಪ ನಗುತ್ತಿದ್ದರು, ಚಿಕ್ಕಪ್ಪನ ದನಿಗೆ ಅಪ್ಪ ನಗುತ್ತಿದ್ದರು. ಕೆಲವು ಸಲ ಕೆಲಸಕ್ಕೆ ಬಾರದ ಸುದ್ದಿಗೂ ನನ್ನನ್ನು ಕರೆದು ಕಳಿಸುತ್ತಿದ್ದರು, ಹಿಂದಿರುಗಿ ಬರುವ ಉತ್ತರದ ದನಿ ಕೇಳುವುದಕ್ಕೇ ಇರಬೇಕು. ನಾನು ಅದನ್ನು ನನ್ನ ಪ್ರತಿಭೆಗೆ ಸಿಕ್ಕ ಚಪ್ಪಾಳೆ ಎಂದುಕೊಂಡೆ. ಬೀದಿಯಲ್ಲಿ ಪೋಸ್ಟ್‌ಮ್ಯಾನನ್ನು ಮಾಡಿ ತೋರಿಸಿದೆ, ಶಾಲೆಯಲ್ಲಿ ಹೆಡ್‌ಮಾಸ್ಟರನ್ನು ಮಾಡಿ ಒದೆ ತಿಂದೆ. ಫೋನಿಗೆ ಅರ್ಜಿ ಹಾಕಿ ಕಾಯುತ್ತಿದ್ದ ಕಾಲ ಅದು. ಅಮ್ಮ ಮಾತ್ರ ಪಾತ್ರೆ ಉಜ್ಜುತ್ತಾ ಹೇಳುತ್ತಿದ್ದಳು:

"ಈ ಮನೇಗೆ ಫೋನ್ ಯಾಕೆ, ಇವನನ್ನೇ ಗೋಡೆಗೆ ನೇತಾಕಿದ್ರೆ ಸಾಕು."

ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ವಾಸು ಮಾವ, ಅಮ್ಮನ ಅಣ್ಣ, ಆ ಚಳಿಗಾಲ ರಜಕ್ಕೆ ಬಂದಾಗ ನನಗೊಂದು ರಟ್ಟಿನ ಪೆಟ್ಟಿಗೆ ತಂದುಕೊಟ್ಟ. ಮುಚ್ಚಳದ ಮೇಲೆ ಹಸಿರು-ಕಂದು ಬಣ್ಣದ ಮಿಲಿಟರಿ ಹೆಲಿಕಾಪ್ಟರ್, ಬೆಟ್ಟಗಳ ಮೇಲೆ ಓರೆಯಾಗಿ ಹಾರುತ್ತಾ ಬೆಂಕಿ ಉಗುಳುತ್ತಿತ್ತು. ಒಳಗೆ ನೋಡಿದರೆ ಹೆಲಿಕಾಪ್ಟರ್ ಇಲ್ಲ. ಹಸಿರು ಪ್ಲಾಸ್ಟಿಕ್ ಕಡ್ಡಿಗಳ ನಾಲ್ಕೈದು ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡ ಬಿಡಿಭಾಗಗಳು. ಕೆಲವು ಬೆರಳುದ್ದ, ಕೆಲವು ಸಾಸಿವೆಯಷ್ಟು. ಜೊತೆಗೊಂದು ಹಾಳೆ. ಅದರಲ್ಲಿ ಒಂದಕ್ಷರವಿಲ್ಲ, ಬರೀ ಚಿತ್ರ, ಬಾಣದ ಗುರುತು, ಅಂಕಿ. ಮಾತಿಲ್ಲದೆ ಕಟ್ಟಬೇಕಾದ ವಸ್ತು. ನಮ್ಮ ಮನೆಗೆ ಹೇಳಿ ಮಾಡಿಸಿದಂತಿತ್ತು.

ಅದು ಅವರೆಕಾಯಿ ಕಾಲ. ಸಂಜೆ ನಡುಮನೆಯಲ್ಲಿ ಹಳೇ ಪೇಪರು ಹಾಸಿ, ಅಪ್ಪ ವಿಶ್ವೇಶ್ವರಪುರದಿಂದ ಚೀಲದಲ್ಲಿ ಹೊತ್ತು ತಂದ ಕಾಯಿಯನ್ನು ಸುರಿದು, ಮನೆಮಂದಿಯೆಲ್ಲ ಸುತ್ತ ಕೂತು ಸುಲಿಯುತ್ತಿದ್ದೆವು. ಅದಕ್ಕೊಂದು ಕ್ರಮ ಇತ್ತು. ಮೊದಲು ಎಲ್ಲವನ್ನೂ ಸುಲಿದು ಮುಗಿಸಬೇಕು. ಕಾಳು ಪಾತ್ರೆಗೆ, ಸಿಪ್ಪೆ ಬೀದಿ ಹಸುವಿಗೆ. ಅಡುಗೆಯ ಮಾತು ಆಮೇಲೆ. ಹುಟ್ಟಿದಾಗಿನಿಂದ ಇದನ್ನೇ ಮಾಡಿಕೊಂಡು ಬಂದ ನನಗೆ ಹೆಲಿಕಾಪ್ಟರಿಗೆ ಬೇರೆ ಕ್ರಮ ಇರಬಹುದು ಎಂದು ಹೊಳೆಯಲಿಲ್ಲ. ರಾಶಿಯ ಪಕ್ಕದಲ್ಲೇ ಕೂತು ಎಲ್ಲ ಬಿಡಿಭಾಗಗಳನ್ನೂ ಕಡ್ಡಿಯಿಂದ ಚಟಚಟ ಮುರಿದು ಹಳೇ ಎಣ್ಣೆ ಡಬ್ಬಿಗೆ ಹಾಕಿಕೊಂಡೆ. ಖಾಲಿ ಕಡ್ಡಿಗಳನ್ನು ಸಿಪ್ಪೆಯ ಜೊತೆ ಬಾಚಿ ಹೊರಗೆ ಸುರಿದು ಬಂದೆ. ಕೈ ತೊಳೆದುಕೊಂಡು, ಇನ್ನೇನು ಯುದ್ಧಕ್ಕೆ ಹೊರಡುವವನ ಹಾಗೆ ಹಾಳೆಯನ್ನು ಚಿಕ್ಕಪ್ಪನ ಮುಂದೆ ಹಿಡಿದೆ.

"ನಂಬರ್ ಎಲ್ಲಿ ಮರಿ?"

"ಯಾವ ನಂಬರು?"

"ನೋಡು, ಇಲ್ಲಿ ಹದಿನಾಲ್ಕನ್ನ ಹದಿನೈದಕ್ಕೆ ಅಂಟಿಸು ಅಂತಿದೆ. ಯಾವುದು ಹದಿನಾಲ್ಕು ಅಂತ ಆ ಕಡ್ಡಿ ಮೇಲೆ ಬರೆದಿರತ್ತೆ. ಕಡ್ಡಿ ತಗೊಂಡ್ ಬಾ."

"ಸಿಪ್ಪೆ ಜೊತೆ ಹಾಕ್ಬಿಟ್ಟೆ."

ಚಿಕ್ಕಪ್ಪ ಟಾರ್ಚು ಹಿಡಿದು ಬೀದಿಗೆ ಓಡಿದರು. ಹಸು ಇರಲಿಲ್ಲ, ಸಿಪ್ಪೆ ಇರಲಿಲ್ಲ, ಕಡ್ಡಿಗಳೂ ಇರಲಿಲ್ಲ. ಹಸು ತಿಂದಿತೋ, ಕಸದ ಗಾಡಿ ಒಯ್ದಿತೋ ಇವತ್ತಿಗೂ ಗೊತ್ತಿಲ್ಲ. ಚಿಕ್ಕಪ್ಪ ಜಗಲಿಯ ಮೇಲೆ ಕೂತು ನಗಲು ಶುರುಮಾಡಿದರು. ತಾತ ಹೋದ ಮೇಲೆ ಅವರು ಅಷ್ಟು ನಕ್ಕದ್ದನ್ನು ನಾನು ಕೇಳಿರಲಿಲ್ಲ. ಒಳಗಿನಿಂದ ಕೆಮ್ಮು ಕೇಳಿಸಿತು.

"ಲೋ, ನಿಮ್ಮ ಚಿಕ್ಕಪ್ಪ ಯಾಕಂತೆ ನಗ್ತಿರೋದು?"

ಹೀಗೆ ಹೆಲಿಕಾಪ್ಟರ್ ಇಬ್ಬರ ಮಧ್ಯೆ ಬಂದು ಕೂತಿತು. ಅಮ್ಮ ಡಬ್ಬಿಯನ್ನು ಮೊರಕ್ಕೆ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ ಉದ್ದನೆಯದನ್ನು ಒಂದು ಕಡೆ, ದುಂಡಗಿನದನ್ನು ಒಂದು ಕಡೆ, ಚಪ್ಪಟೆಯದನ್ನು ಒಂದು ಕಡೆ ಸರಿಸಿಟ್ಟು ಒಲೆಯ ಮುಂದೆ ಹೋದಳು. ಬಿಡಿಸದೆ ಬಿಟ್ಟ ಲೆಕ್ಕವನ್ನು ಕಂಡರೆ ಅಪ್ಪನಿಗೆ ಮೈ ಕಡಿಯುತ್ತದೆ. ಪೇಪರು ಓದುತ್ತಲೇ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಜೋಡಿ ಇರುವುದೆಲ್ಲ ಎಡಕ್ಕೊಂದು ಬಲಕ್ಕೊಂದು, ಒಂಟಿ ಇರುವುದೆಲ್ಲ ನಡುವಿನದು ಎಂದು ಗಾಳಿಗೆ ಹೇಳಿದರು. ಚಿಕ್ಕಪ್ಪ ಹಾಳೆಯನ್ನು ದೀಪಕ್ಕೆ ಹಿಡಿದು, ಅಳತೆಪಟ್ಟಿ ತಂದು, ಮೇಜಿನ ಇನ್ನೊಂದು ತುದಿಯಲ್ಲಿ ಕೂತರು. ಮಧ್ಯದಲ್ಲಿ ನಾನು.

"ನಿಮ್ಮಪ್ಪಂಗೆ ಹೇಳು, ಅವ್ನ ಕೈಲಿರೋದು ಬಾಗಿಲಲ್ಲ, ಬಾಲದ ರೆಕ್ಕೆ."

"ನಿಮ್ಮ ಚಿಕ್ಕಪ್ಪಂಗೆ ಹೇಳು, ಅಂದರೆ ಏನಾಯ್ತು, ಬಾಲದ ರೆಕ್ಕೆಗೆ ಹಿಡಿಕೆ ಯಾಕಿರತ್ತೆ ಅಂತ."

ಚಿಕ್ಕಪ್ಪ ಅದನ್ನು ಇಸಕೊಂಡು ನೋಡಿ, ಬಾಗಿಲಿನ ಜಾಗಕ್ಕೇ ಅಂಟಿಸಿದರು. ನಾನು ಅಪ್ಪನ ಕಡೆ ತಿರುಗಿ, ಮೂಗಿನಲ್ಲಿ ದನಿ ಎಳೆದು, "ಬಾಗಿಲೇ ಅಂತೆ" ಎಂದೆ. ಯಾರೂ ಹೇಳಿ ಕಳಿಸದ ಮಾತನ್ನು ನಾನು ತಲುಪಿಸಿದ್ದು ಅದೇ ಮೊದಲು. ಅಪ್ಪ ಮುಗುಳ್ನಕ್ಕರು. ಚಿಕ್ಕಪ್ಪನೂ ಬೇಡವೆನ್ನಲಿಲ್ಲ. ಕೆಟ್ಟ ಅಭ್ಯಾಸಗಳು ಇಷ್ಟು ಸಲೀಸಾಗಿ ಶುರುವಾಗುತ್ತವೆ ಎಂದು ಆಗ ಗೊತ್ತಿರಲಿಲ್ಲ.

ಸಂಜೆಗಳು ಹಾಗೆ ಕಳೆದವು. ನಾಮಫಲಕ ಮಾಡುವ ಸ್ನೇಹಿತನಿಂದ ಚಿಕ್ಕಪ್ಪ ಒಂದು ಶೀಶೆ ದ್ರವ ತಂದಿದ್ದರು. ಕುಂಚದಲ್ಲಿ ಮುಟ್ಟಿಸಿದರೆ ಪ್ಲಾಸ್ಟಿಕ್ಕೇ ಕರಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತಿತ್ತು. ಹೆಲಿಕಾಪ್ಟರಿನ ಮೈ ಎರಡು ಹೋಳು, ಎಡ ಒಂದು, ಬಲ ಒಂದು. ಒಬ್ಬರು ಎರಡನ್ನೂ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಸಂದಿಗೆ ಕುಂಚ ಎಳೆಯಬೇಕು, ಆಮೇಲೆ ಒಣಗುವ ತನಕ ದಾರ ಬಿಗಿದಿಡಬೇಕು. ನನ್ನ ಬೆರಳು ಸಾಲದೆಂದು ಅಪ್ಪನೇ ಹಿಡಿದರು, ಚಿಕ್ಕಪ್ಪ ಕುಂಚ ಎಳೆದರು. ಇಬ್ಬರ ಬೆರಳುಗಳು ಒಂದರ ಮೇಲೊಂದು ಇದ್ದವು. ಹೊಲಿಗೆ ದಾರ ಜಾರುತ್ತಿತ್ತೆಂದು ಅಪ್ಪ ದೇವರ ಗೂಡಿನಿಂದ ಹೊಸ ಜನಿವಾರವೊಂದನ್ನು ತರಿಸಿ ಸುತ್ತಿದರು. ಕಾಫಿ ತಂದ ಅಮ್ಮ ನಿಂತು ನೋಡಿದಳು.

"ಮುಂಜಿ ಆಯ್ತು. ಮದುವೆ ಯಾವಾಗ?"

ಚಿಕ್ಕಪ್ಪ ಶೀಶೆಯ ಮುಚ್ಚಳ ತಿರುಗಿಸುತ್ತಾ, "ಇವನಿಗೂ ಜಾತಕ ಕೂಡಿ ಬರಲ್ಲ ಅತ್ತಿಗೆ" ಎಂದರು. ಅಪ್ಪ ನಕ್ಕರು. ಚಿಕ್ಕಪ್ಪನ ಮಾತಿಗೆ ನೇರವಾಗಿ, ನನ್ನ ಅನುವಾದಕ್ಕೆ ಕಾಯದೆ ನಕ್ಕರು.

ಮಾಘದಲ್ಲಿ ತಾತನ ತಿಥಿ. ಅದಕ್ಕೆ ಸ್ವಲ್ಪ ದಿನ ಮುಂಚೆ, ಒಂದು ಬೆಳಿಗ್ಗೆ ಚಿಕ್ಕಪ್ಪ ಹಿತ್ತಲಿನ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಾ ನನ್ನನ್ನು ಕರೆದರು.

"ನಿಮ್ಮಪ್ಪಂಗೆ ಹೇಳು. ಈ ಸಲ ತಾತನ ತಿಥಿ ನಾನು ಬೇರೆ ಮಾಡ್ಕೋತೀನಿ. ಪುರೋಹಿತರ ಹತ್ರ ಮಾತಾಡಿದೀನಿ."

ಇದರ ಅರ್ಥ ನನಗೂ ಗೊತ್ತಿತ್ತು. ಒಟ್ಟಿಗಿರುವ ಅಣ್ಣ ತಮ್ಮಂದಿರಿಗೆ ಒಂದೇ ತಿಥಿ. ಹಿರಿಯವನು ಮಾಡುತ್ತಾನೆ, ಕಿರಿಯವನು ಜೊತೆಗಿರುತ್ತಾನೆ. ಮಾತಿಲ್ಲದ ವರ್ಷಗಳಲ್ಲೂ ಚಿಕ್ಕಪ್ಪ ಆ ಒಂದು ದಿನ ಅಪ್ಪನ ಹಿಂದೆ ಒದ್ದೆಪಂಚೆಯಲ್ಲಿ ನಿಂತಿರುತ್ತಿದ್ದರು. ತಿಥಿ ಬೇರೆಯಾಯಿತೆಂದರೆ ಮನೆ ಬೇರೆಯಾದಂತೆ. ಒಲೆ, ಪಾತ್ರೆ, ನಡುವೆ ಒಂದು ಗೋಡೆ, ಇವೆಲ್ಲ ಆಮೇಲೆ ತಾವಾಗಿ ಬರುತ್ತವೆ. ಹಿತ್ತಲಿನಿಂದ ಅಪ್ಪನ ಕೋಣೆಗೆ ಹೋಗುವ ದಾರಿಯಲ್ಲಿ ನಡುಮನೆಯ ಮೇಜು. ಮೇಜಿನ ಮೇಲೆ ಹೆಲಿಕಾಪ್ಟರ್. ಜನಿವಾರ ಬಿಚ್ಚಿದ್ದರು, ಸಂದಿ ಎಲ್ಲಿತ್ತೆಂದು ಹುಡುಕಿದರೂ ಕಾಣುತ್ತಿರಲಿಲ್ಲ. ನಾನು ಅಲ್ಲಿ ನಿಂತು ಅದನ್ನು ನೋಡಿದೆ. ನನ್ನ ಪೆದ್ದುತನಕ್ಕೆ ಜಾಗ ಹೇಳು ಎಂದರೆ ಆ ಮೇಜನ್ನೇ ತೋರಿಸಬೇಕು.

ಅಪ್ಪ ಪೇಪರಿನಿಂದ ಕಣ್ಣೆತ್ತದೆ "ಏನಂತೆ?" ಎಂದರು.

ನಾನು ದನಿಯನ್ನು ಜೋರಾಗಿ ಶುರುಮಾಡಿ, ಕೊನೆಗೆ ಮೂಗಿಗೆ ಎಳೆದುಕೊಂಡೆ.

"ಅವತ್ತು ಎಲೆ ಮುಂದೆ ಆಡಿದ್ದು, ಅಣ್ಣಂಗೆ ಹೇಳು, ಬಾಯಿ ಜಾರ್ತು ಅಂತ."

ಅಪ್ಪ ಪೇಪರನ್ನು ಮಡಿಸಿದರು. ಮಡಿಸಿದ್ದನ್ನು ಇನ್ನೊಮ್ಮೆ ಮಡಿಸಿದರು.

"ಇನ್ನೊಂದ್ಸಲ ಹೇಳು."

ಇನ್ನೊಂದು ಸಲ ಹೇಳಿದೆ. ಈ ಸಲ ಇನ್ನೂ ಚೆನ್ನಾಗಿ ಬಂತು. ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸುತ್ತಾ ಕೂತರು. ಉತ್ತರವಿಲ್ಲದೆ ಹೇಗೆ ಹಿಂದಿರುಗುವುದು? ಹಿತ್ತಲಿಗೆ ಹೋಗಿ, ಒಮ್ಮೆ ಕೆಮ್ಮಿ, ಅದನ್ನೂ ನಾನೇ ತಯಾರಿಸಿದೆ.

"ಅಂದರೆ ಏನಾಯ್ತು, ಅವತ್ತು ನಾಗು ಮಾತು ಕೇಳ್ಬೇಕಿತ್ತು. ತಿಥಿ ವಿಷಯ ನಿಧಾನಕ್ಕೆ ನೋಡೋಣ."

ಚಿಕ್ಕಪ್ಪನ ರೇಜರು ಕೆನ್ನೆಯ ಮಧ್ಯದಲ್ಲಿ ನಿಂತಿತು.

"ನಾಗು ಅಂದ್ನಾ?"

"ನಾಗು ಅಂದ್ರು."

ಅಷ್ಟು ವರ್ಷ ಅವರು ಅಪ್ಪನ ಬಾಯಲ್ಲಿ 'ನಿಮ್ಮ ಚಿಕ್ಕಪ್ಪ' ಆಗಿದ್ದರು. ಒಂದು ಕೆನ್ನೆ ಹೆರೆಯದೆಯೇ ಮುಖ ತೊಳೆದುಕೊಂಡು ಆಫೀಸಿಗೆ ಹೋದರು. ಸಂಜೆ ಬರುವಾಗ ಮಾಮೂಲ್‌ಪೇಟೆಗೆ ಹೋಗಿ ಎರಡು ಸಣ್ಣ ಡಬ್ಬಿ ಬಣ್ಣ ತಂದರು, ಒಂದು ಹಸಿರು, ಒಂದು ಕಂದು. ಕುಂಚ ಎರಡಿದ್ದವು.

ಆ ದಿನಗಳಲ್ಲಿ ನಾನು ಪಟ್ಟಷ್ಟು ಹೆಮ್ಮೆಯನ್ನು ಆಮೇಲೆ ಯಾವತ್ತೂ ಪಟ್ಟಿಲ್ಲ. ಇಬ್ಬರೂ ಇನ್ನೂ ನನ್ನ ಮೂಲಕವೇ ಮಾತಾಡುತ್ತಿದ್ದರು, ಆದರೆ ಅದು ಅಭ್ಯಾಸಬಲ. ನಾನೂ ಒಂದಕ್ಕೆರಡು ಸೇರಿಸಿ ಸಾಗಿಸುತ್ತಿದ್ದೆ. ಅಪ್ಪ ಸಾರಿಗೆ ಉಪ್ಪಿಲ್ಲ ಎಂದರೆ, ನಾಗು ಬಡವಾಗಿದಾನೆ ಎಂದೂ ಅಂದರು ಎನ್ನುತ್ತಿದ್ದೆ. ಅಮ್ಮ ಒಂದು ದಿನ ಅಡುಗೆಮನೆಯಲ್ಲಿ ನನ್ನ ಕಿವಿ ಹಿಡಿದಳು.

"ಏಯ್ ಕೋತಿ, ಇಬ್ರ ಕಾಫಿಗೂ ಏನ್ ಹಾಕ್ತಿದೀಯ?"

"ಸಕ್ರೆ."

"ಜಾಸ್ತಿ ಹಾಕ್ಬೇಡ. ಇಬ್ರಿಗೂ ಆಗಲ್ಲ."

ಆದರೆ ಅವಳೂ ನಿಲ್ಲಿಸಲಿಲ್ಲ. ಅಷ್ಟು ವರ್ಷಗಳ ಮೇಲೆ ಈಗ ಅವಳು ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಹುರಿದ ಅವರೆಕಾಳು ಇಡುತ್ತಿದ್ದಳು, ಇಬ್ಬರೂ ಅದೇ ತಟ್ಟೆಗೆ ಕೈ ಹಾಕುತ್ತಿದ್ದರು.

ತಿಥಿಗೆ ಮುಂಚಿನ ಭಾನುವಾರ ಮಧ್ಯಾಹ್ನ ಹೆಲಿಕಾಪ್ಟರ್ ಮುಗಿಯುವ ಹಂತಕ್ಕೆ ಬಂದಿತ್ತು. ಬಾಲದ ಮೇಲಿನ ಅಂಕಿಗಳು ತೆಳ್ಳಗಿನ ಚೀಟಿಗಳಲ್ಲಿದ್ದವು. ಬಟ್ಟಲಿನ ನೀರಲ್ಲಿ ನೆನೆಸಿ, ಜಾರಿಸಿ, ಉಸಿರು ಬಿಗಿಹಿಡಿದು ಕೂರಿಸಬೇಕು. ಚಿಕ್ಕಪ್ಪ ಅದನ್ನು ಮಾಡುತ್ತಿದ್ದರು. ಅಪ್ಪ ಮೇಲಿನ ದೊಡ್ಡ ರೆಕ್ಕೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು. ನಾನು ಮೇಜಿಗೆ ಗದ್ದ ಊರಿಕೊಂಡಿದ್ದೆ. ಅಮ್ಮ ಕಾಫಿ ಹಿಡಿದು ಬಾಗಿಲಿಗೆ ಬಂದಳು.

"ನಾಗೂ" ಎಂದರು ಅಪ್ಪ.

ನನ್ನ ಕಡೆ ನೋಡಿ ಹೇಳಿದ್ದಲ್ಲ. ಚಿಕ್ಕಪ್ಪ ಕುಂಚವನ್ನು ಎತ್ತಿ ಹಿಡಿದರು.

"ಹೇಳಣ್ಣ."

"ಬಾಯಿ ಜಾರ್ತು ಅಂತ ಹೇಳಿ ಕಳಿಸ್ದ್ಯಲ್ಲ, ಅವತ್ತಿಂದ ನಂಗೆ ನಿದ್ದೆ ಬರ್ತಿದೆ ಕಣೋ. ಯಾರಿಗಾದ್ರೂ ಜಾರತ್ತೆ. ಈ ಸಲ ತಿಥಿಗೆ ಹಿಂದೆ ನಿಂತ್ಕೋಬೇಡ. ನನ್ನ ಪಕ್ಕ ಕೂತ್ಕೋ."

"ನಾನು ಹೇಳಿ ಕಳಿಸಿದ್ನಾ?"

"ಮತ್ತೆ? ಶ್ರೀಧರ ಬಂದು ಹೇಳ್ದ."

"ನಾನು ಹೇಳಿ ಕಳಿಸಿದ್ದು ತಿಥಿ ಬೇರೆ ಮಾಡ್ಕೋತೀನಿ ಅಂತ. ಅದಕ್ಕೆ ನೀನೇ ಅಲ್ವಾ, ಅವತ್ತು ನಾಗು ಮಾತು ಕೇಳ್ಬೇಕಿತ್ತು ಅಂದಿದ್ದು?"

"ನಾನಂದಿಲ್ಲ. ಯಾಕನ್ಲಿ? ಆ ಡಾಕ್ಟ್ರು ಹೇಳಿದ್ದೇ ಸರಿ. ಇವತ್ತು ಕೇಳಿದ್ರೂ ಅದನ್ನೇ ಹೇಳ್ತೀನಿ."

ಇಬ್ಬರೂ ನನ್ನ ಕಡೆ ತಿರುಗಿದರು. ಏನಾದರೂ ಹೇಳಲೇಬೇಕಿತ್ತು. ಬಾಯಿ ತೆರೆದೆ. ಒಂದು ಸಣ್ಣ ಕೆಮ್ಮು ಬಂತು, ಆಮೇಲೆ "ಅಂದರೆ ಏನಾಯ್ತು" ಎಂದು ಅಪ್ಪನ ದನಿ ಬಂತು. ಬೇಕೆಂದು ಮಾಡಿದ್ದಲ್ಲ. ಒಳಗೆ ತಡಕಾಡಿದಾಗ ಕೈಗೆ ಸಿಕ್ಕಿದ್ದು ಅದೇ. ನನ್ನದು ಎನ್ನುವ ದನಿಯೊಂದನ್ನು ನಾನು ಆ ಮನೆಯಲ್ಲಿ ಬೆಳೆಸಿಕೊಂಡೇ ಇರಲಿಲ್ಲ. ಅಷ್ಟು ದಿನ ಆ ದನಿಗೆ ನಗುತ್ತಿದ್ದವರು ಆವತ್ತು ನಗಲಿಲ್ಲ. ಅಪ್ಪ ಹೊಡೆಯುತ್ತಾರೆ ಎಂದುಕೊಂಡೆ. ಅವರ ಅಂಗೈಯಲ್ಲಿ ಇನ್ನೂ ರೆಕ್ಕೆ ಇತ್ತು. ಅದು ಮುರಿಯಬಾರದೆಂದು ಇರಬೇಕು, ಕೈ ಎತ್ತಲಿಲ್ಲ.

ಅಮ್ಮ ಲೋಟಗಳನ್ನು ಮೇಜಿನ ಮೇಲಿಟ್ಟಳು. ಅವಳ ದನಿಯನ್ನು ನಾನು ಯಾವತ್ತೂ ಅನುಕರಿಸಲು ಹೋಗಿರಲಿಲ್ಲ, ಆವತ್ತು ಯಾಕೆಂದು ಗೊತ್ತಾಯಿತು. ಕೆಮ್ಮಾಗಲಿ ಎಳೆತವಾಗಲಿ, ಅದರಲ್ಲಿ ಹಿಡಿದುಕೊಳ್ಳಲು ಏನೂ ಇರುತ್ತಿರಲಿಲ್ಲ.

"ಮಗು ಸುಳ್ಳು ಹೇಳಿದಾನೆ, ಸರಿ. ಅವನು ಹೇಳಿದ್ದನ್ನ ನೀವಿಬ್ರೂ ಈಗ ಬಾಯಿಬಿಟ್ಟು ಹೇಳಿಬಿಟ್ರೆ ಏನು ಹೋಗತ್ತೆ?"

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಅಪ್ಪ ರೆಕ್ಕೆಯನ್ನು ಹೆಲಿಕಾಪ್ಟರಿನ ಪಕ್ಕ ಮೆಲ್ಲಗೆ ಇಟ್ಟರು. ಅವರ ಬಗ್ಗೆ ನಾನು ಎಷ್ಟು ತಮಾಷೆ ಮಾಡಿದ್ದರೂ ಇದೊಂದನ್ನು ಹೇಳಲೇಬೇಕು: ಅಷ್ಟು ವರ್ಷ ಕಾದವರು, ಆ ಮಧ್ಯಾಹ್ನ ಕಾಯುವುದನ್ನು ಬಿಟ್ಟು ತಾವೇ ಕೇಳಿದರು.

"ಹೋಗ್ಲಿ ನಾಗು, ಅವನ್ನ ಬಿಡು. ನೀನೇ ಹೇಳು ಈಗ. ಅವತ್ತು ಬಾಯಿ ಜಾರಿದ್ದು ತಾನೇ?"

ಒಂದು ಹೂಂ ಸಾಕಿತ್ತು. ಚಿಕ್ಕಪ್ಪ ಕುಂಚವನ್ನು ಬಟ್ಟೆಗೆ ಒರೆಸಿದರು. ಶೀಶೆಯ ಮುಚ್ಚಳವನ್ನು ತಿರುಗಿಸಿ ಬಿಗಿಮಾಡಿದರು. ಎದ್ದು ನಿಂತು, ಅಣ್ಣನ ಮುಖವನ್ನೇ ನೋಡುತ್ತಾ, ಈ ಸಲ ಕೊನೆಯ ಪದವನ್ನೂ ಮೂಗಿಗೆ ಎಳೆದುಕೊಳ್ಳದೆ ಹೇಳಿದರು:

"ಬಾಯಿ ಜಾರಿದ್ದಲ್ಲ ಅಣ್ಣ. ಹದಿಮೂರು ದಿವಸ ತಡ್ಕೊಂಡು ಹೇಳಿದ್ದು."